ಮುಳ್ಳು ತೆಗೆಯುವ ಕೈ

ಚಿತ್ತವಾಡಗಿಯ ಒಂದು ಓಣಿಯಲ್ಲಿ ಒಂದು ಮನೆ. ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಮೇಲೆ ಮಾಳಿಗೆ, ಮಾಳಿಗೆಯ ಮೇಲೊಂದು ಕರಿ ನೀರಿನ ಟ್ಯಾಂಕು. ಆ ಮನೆಯಲ್ಲಿ ನಾಲ್ಕು ಜನ, ನಾಲ್ವರಿಗೂ ಬೇರೆಬೇರೆ ಹೊತ್ತಿನ ನಿದ್ದೆ. ಯಜಮಾನ ವೀರೇಶ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಫಿಟ್ಟರ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಬಸ್ಸಿಳಿದು, ಎರಡು ರೊಟ್ಟಿ ತಿಂದು, ಕೋಣೆಯ ಕಿಟಕಿಗೆ ಹಳೆ ಚಾದರ ಕಟ್ಟಿಕೊಂಡು ಮಧ್ಯಾಹ್ನ ಎರಡರವರೆಗೆ ಮಲಗುವವನು. ಅವನ ತಾಯಿ ಅಕ್ಕನಾಗಮ್ಮ ಕೋಳಿಗಿಂತ ಮುಂಚೆ ಎದ್ದು, ಉಂಡ ಮೇಲೆ ಗೋಡೆಗೊರಗಿ ಒಂದು ಜೊಂಪು ಹೊಡೆಯುವವಳು. ವೀರೇಶನ ಮಗಳು ಸೌಜನ್ಯ ಡಿಗ್ರಿ ಓದುವವಳು, ಅವಳ ನಿದ್ದೆಗೆ ಹೊತ್ತೇ ಇಲ್ಲ. ಇನ್ನು ಸೊಸೆ ತ್ರಿವೇಣಿ. ಉಳಿದ ಮೂವರ ನಿದ್ದೆ ಕೆಡದಂತೆ ಪಾತ್ರೆ ಜೋಡಿಸುವ ವಿದ್ಯೆಯನ್ನು ಇಪ್ಪತ್ತೆರಡು ವರ್ಷದಿಂದ ಕಲಿತವಳು.

ಅಂಥ ತ್ರಿವೇಣಿಗೆ ಮಹಾನವಮಿ ಅಮಾವಾಸ್ಯೆಯ ಮರುದಿನ ಒಂದು ಕೆಲಸ ಬಂತು. ಬಳ್ಳಾರಿಯ ಒಂದು ಸಂಸ್ಥೆಯವರು ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳ ಹಿರಿಯರನ್ನು ಕೂರಿಸಿಕೊಂಡು ಅವರು ಹೇಳಿದ ಕಥೆಗಳನ್ನು ರೆಕಾರ್ಡು ಮಾಡಿಟ್ಟಿದ್ದರು. ಅದನ್ನೆಲ್ಲ ಕೇಳಿ, ಆಡಿದ್ದನ್ನು ಆಡಿದಂತೆಯೇ ಟೈಪು ಮಾಡಿಕೊಡುವವರು ಬೇಕಾಗಿದ್ದರು. ತ್ರಿವೇಣಿ ಮದುವೆಗೆ ಮುಂಚೆ ಕಂಪ್ಲಿಯ ತವರಿನಲ್ಲಿದ್ದಾಗ ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಆ ಸರ್ಟಿಫಿಕೇಟು ಇಷ್ಟು ವರ್ಷ ಟ್ರಂಕಿನಲ್ಲಿ ಧಾರೆಸೀರೆಯ ಕೆಳಗಿತ್ತು. ಆ ಮನೆಯಲ್ಲಿ ಯಾರೂ ಎಬ್ಬಿಸದೆ ಮಲಗಿದ್ದದ್ದು ಅದೊಂದೇ.

"ಹನ್ನೆರಡು ರೆಕಾರ್ಡಿಂಗು, ದೀಪಾವಳಿ ಅಮಾಸಿ ಒಳಗ," ಎಂದಿದ್ದರು ಸಂಸ್ಥೆಯ ಗವಿಸಿದ್ದಪ್ಪ ಫೋನಿನಲ್ಲಿ. "ಹನ್ನೆರಡೂ ಚಂದಾಗಿ ಬಂದ್ರ ವರ್ಷದ ಕೆಲಸ ಪೂರಾ ನಿಮಗ. ಹನ್ನೊಂದು ಬಂದ್ರ ನಾನು ಬ್ಯಾರೆಯವರನ್ನ ನೋಡಬೇಕಾಗ್ತೈತ್ರಿ ಮೇಡಂ."

ಆ 'ಮೇಡಂ' ಎಂಬುದನ್ನು ತ್ರಿವೇಣಿ ಅಂದು ಸಂಜೆ ಹಿಟ್ಟು ನಾದುವಾಗಲೂ ನೆನೆಸಿಕೊಂಡಳು.

ಕೆಲಸಕ್ಕೆ ಸೌಜನ್ಯಳ ಹಳೆಯ ಲ್ಯಾಪ್‌ಟಾಪು ಸಿಕ್ಕಿತು. ಅದರ ಕೀಲಿಗಳಲ್ಲಿ ಅರ್ಧ ಸತ್ತಿದ್ದವು. ಸರಿಯಿದ್ದ ಒಂದೇ ಒಂದು ಯುಎಸ್‌ಬಿ ಕಿಂಡಿಗೆ ಬೇರೆ ಕೀಬೋರ್ಡು ಸಿಕ್ಕಿಸಬೇಕಾಯಿತು. ಪಕ್ಕದ ದುಂಡನೆಯ ತೂತಿಗೆ ವೈರಿನ ಹೆಡ್‌ಫೋನು. ಮೂರು ಮಾತು ಕೇಳುವುದು, ನಿಲ್ಲಿಸುವುದು, ಬರೆಯುವುದು, ಮತ್ತೆ ಮೂರು ಮಾತು. ಕೋಣೆಯಲ್ಲಿ ಗಂಡನ ಗೊರಕೆ, ನಡುಮನೆಯಲ್ಲಿ ಇವಳ ಕಿವಿಯೊಳಗೆ ಯಾವುದೋ ಊರಿನ ಮುದುಕಿಯ ಏಳು ಸಮುದ್ರದಾಚೆಯ ರಾಜಕುಮಾರ. ಒಂದು ದನಿ ಇನ್ನೊಂದಕ್ಕೆ ಅಡ್ಡ ಬರುತ್ತಿರಲಿಲ್ಲ.

ಅಡ್ಡ ಬಂದವಳು ಅಕ್ಕನಾಗಮ್ಮ.

"ಕಿವಿಗೆ ಬುಟ್ಟಿ ಹಾಕ್ಕೊಂಡು ಕುಂತಾಳ ನೋಡು. ಹಾಲು ಉಕ್ಕಿ ಒಲಿ ತುಂಬ ಆತು, ನಾನು ಮೂರು ಸಲ ಕೂಗಿದೆ."

"ಏನಂದ್ರಿ ಅತ್ತಿ," ಎಂದು ತ್ರಿವೇಣಿ ಹೆಡ್‌ಫೋನು ತೆಗೆಯದೆ ಕೇಳಿದರೆ, ಆ ದನಿ ಮೂಲೆಮನೆಗೂ ಕೇಳುತ್ತಿತ್ತು.

"ಚೀರಬ್ಯಾಡ. ಕಿವುಡಿ ನಾನಲ್ಲ, ನೀನು."

ಆಯುಧಪೂಜೆಯ ದಿನ ಮಾತು ಇನ್ನಷ್ಟು ಬಿರುಸಾಯಿತು. ವೀರೇಶನ ಸ್ಪ್ಯಾನರು, ಹೊಲಿಗೆ ಮಿಷನ್ನು, ಈಳಿಗೆಮಣೆಗಳ ಜೊತೆ ಲ್ಯಾಪ್‌ಟಾಪನ್ನೂ ಇಟ್ಟು ಅಕ್ಕನಾಗಮ್ಮ ವಿಭೂತಿ ಹಚ್ಚಿದಳು, ನೀರು ಚಿಮುಕಿಸಿದಳು. ಊದಿನಕಡ್ಡಿಯ ಬೂದಿ ಕೀಲಿಗಳ ಸಂದಿಗೆ ಬಿದ್ದದ್ದು ಕಂಡು ತ್ರಿವೇಣಿ ರೇಗಿದಳು.

"ಅತ್ತಿ, ಇದು ಈಳಿಗಿಮಣಿ ಅಲ್ಲ. ನೀರು ಬಿದ್ರ ನನ್ನ ಕೆಲಸ ಹೋತು. ಇನ್ನ ಮ್ಯಾಲ ಇದನ್ನ ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲವ್ವ ತಾಯಿ. ನಿನ್ನ ಪೆಟ್ಟಿಗಿ, ನಿನ್ನ ಕೆಲಸ. ನಂದೇನೈತಿ ಇಲ್ಲಿ."

ಅಂದಿನಿಂದ ಅತ್ತೆ ಸೊಸೆಯ ಕೆಲಸದ ಸುದ್ದಿಯನ್ನೇ ಎತ್ತಲಿಲ್ಲ. ತ್ರಿವೇಣಿಗೂ ಅದೇ ಬೇಕಿತ್ತು. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪು ಮುಚ್ಚಿ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಪುಸ್ತಕ ನಿಲ್ಲಿಸಿದಂತೆ ನಿಲ್ಲಿಸಿಡುವಳು. ಐದು ರೆಕಾರ್ಡಿಂಗು ಮುಗಿದವು.

ದಸರೆ ಕಳೆದ ಸೋಮವಾರ. ನಲ್ಲಿ ನೀರು ಹಿಡಿದು, ವೀರೇಶನಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ ಮಲಗಿಸಿ, ಹತ್ತು ಗಂಟೆಗೆ ತ್ರಿವೇಣಿ ಕುಳಿತಳು. ಹೆಡ್‌ಫೋನು ಸಿಕ್ಕಿಸಿದಳು, ಆರನೆಯ ರೆಕಾರ್ಡಿಂಗು ಒತ್ತಿದಳು. ಕಿವಿಯೊಳಗೆ ಬರಬೇಕಾದ ಸಂಡೂರಿನ ಎರ್ರಿಯಪ್ಪಜ್ಜ ಇಡೀ ಮನೆಗೆ ಬಂದುಬಿಟ್ಟ.

"ಆವಾಗ ಆ ರಾಕ್ಷಸ ಏನಂದ ಅಂದ್ರ—" ಎಂದು ಎರ್ರಿಯಪ್ಪಜ್ಜ ಗುಡುಗಿದ.

ಕೋಣೆಯ ಬಾಗಿಲು ತೆರೆಯಿತು. ಲುಂಗಿ ಬಿಗಿಯುತ್ತ ವೀರೇಶ್ ಬಂದು ನಿಂತ. "ಯಾರು ಬಂದಾರ?"

"ಯಾರೂ ಇಲ್ರಿ. ಹೆಡ್‌ಫೋನು ಯಾಕೋ—"

"ರಾತ್ರಿ ಎಲ್ಲಾ ಕನ್ವೇಯರ್ ಕೆಳಗ ಬಿದ್ದು ಬಂದೀನಿ ತ್ರಿವೇಣಿ. ಮೂರು ತಾಸು ಕಣ್ಣು ಮುಚ್ಚಾಕ ಬಿಡು."

ಅವಳು ಲ್ಯಾಪ್‌ಟಾಪು ಮುಚ್ಚಿದಳು. ಗೋಡೆಗೊರಗಿದ್ದ ಅಕ್ಕನಾಗಮ್ಮ ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿದಳು.

ಸಂಜೆ ಕಾಲೇಜಿನಿಂದ ಬಂದ ಸೌಜನ್ಯ ಚೀಲ ಇಳಿಸುವ ಮೊದಲೇ ಶುರುಮಾಡಿದಳು. ಅದೇ ಹೆಡ್‌ಫೋನನ್ನು ತನ್ನ ಮೊಬೈಲಿಗೆ ಸಿಕ್ಕಿಸಿದಳು. ಹಾಡು ಮಸ್ತಾಗಿ ಬಂತು. ತನ್ನ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಹಾಕಿದಳು. ದನಿ ಹೊರಗೇ ಹೊಮ್ಮಿತು.

"ಹೆಡ್‌ಫೋನು ಸರಿ ಐತಮ್ಮ. ಲ್ಯಾಪ್‌ಟಾಪಿಂದ ತ್ರಾಸು. ಸೆಟ್ಟಿಂಗ್ ಇರ್ಬೇಕು."

ಆಫ್ ಮಾಡಿ ಆನ್ ಮಾಡಿದಳು. ಸೆಟ್ಟಿಂಗು ತಿರುವಿ ಹಾಕಿದಳು. ವಿಡಿಯೋ ನೋಡಿ ಸೌಂಡ್ ಡ್ರೈವರ್ ತೆಗೆದು ಮತ್ತೆ ಹಾಕಿದಳು. ಆಗ ಹೊರಗಿನ ದನಿಯೂ ನಿಂತುಹೋಗಿ, ಊಟದ ಹೊತ್ತಿಗೆ ಬರಿ ಹೊರಗಿನ ದನಿ ಮರಳಿತು.

"ನನ್ನ ಬ್ಲೂಟೂತ್ ಹಾಕ್ಕೊ," ಎಂದು ಸೌಜನ್ಯ ಕೊನೆಗೆ ಕಿವಿಯಲ್ಲಿದ್ದುದನ್ನು ಬಿಚ್ಚಿಕೊಟ್ಟಳು. ಅದೂ ಆಗಿಬರಲಿಲ್ಲ. ಹಾಡು ಕೇಳಲು ಅದು ಸರಿಯೇ. ಆದರೆ ನಿಲ್ಲಿಸಿ ಮತ್ತೆ ಹಚ್ಚಿದಾಗಲೆಲ್ಲ ಮೊದಲ ಮಾತನ್ನು ನುಂಗಿ ಎರಡನೆಯದರಿಂದ ಶುರುಮಾಡುತ್ತಿತ್ತು. ಮೂರು ಮಾತಿಗೊಮ್ಮೆ ನಿಲ್ಲಿಸುವವಳಿಗೆ ಅಂದರೆ ಕಥೆಯಲ್ಲಿ ಮೂರರಲ್ಲೊಂದು ಪಾಲು ಅದರ ಹೊಟ್ಟೆಗೆ.

ಆ ವಾರ ತ್ರಿವೇಣಿ ಮಾಳಿಗೆ ಹತ್ತಿದಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಸಿ, ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ ಕೇಳಿದಳು. ದೂರದ ರಸ್ತೆಯಲ್ಲಿ ಅದಿರಿನ ಲಾರಿ ಹಾರ್ನು ಹೊಡೆದಾಗಲೆಲ್ಲ ಎರ್ರಿಯಪ್ಪಜ್ಜನ ರಾಕ್ಷಸ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನೆರಳು ಸರಿದಂತೆ ಚಾಪೆ ಸರಿಸಬೇಕು. ಪರದೆಯ ಮೇಲೆ ಬಿಸಿಲು ಬಿದ್ದರೆ ಅಕ್ಷರ ಕಾಣದು. ಇಳಿದು ಬಂದರೆ ಸಾರು ತಣ್ಣಗೆ, ಬಟ್ಟೆ ಬಕೆಟ್ಟಿನಲ್ಲಿ. ಏಳು ದಿನದಲ್ಲಿ ಮುಗಿದದ್ದು ಎರಡು. ಐದು ಉಳಿದವು, ಒಂಬತ್ತು ದಿನ ಉಳಿದವು.

ಭಾನುವಾರ ವೀರೇಶನಿಗೆ ರಜೆ. ನಾಲ್ವರೂ ಒಟ್ಟಿಗೆ ಉಂಡರು.

"ಮುಖ ನೋಡ್ಕೊಂಡೀಯೇನು ಕನ್ನಡ್ಯಾಗ? ಬಿಸಲಿಗೆ ಸುಟ್ಟು ಹೋಗೈತಿ," ಎಂದ ವೀರೇಶ್, ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತ. "ಸಾಕು ಬಿಡು. ಯಾರು ಬೇಡ್ಯಾರ ಈ ಕೆಲಸ? ನಾನು ದುಡಿಯಾಕತ್ತಿಲ್ಲೇನು?"

"ನೀವು ದುಡೀರಿ. ನಾನು ಬ್ಯಾಡ ಅಂದೀನೇನು?"

"ಮತ್ತ ಯಾಕ ಇಷ್ಟು ಒದ್ದಾಟ?"

ತ್ರಿವೇಣಿ ರೊಟ್ಟಿ ಮುರಿದಳು. "ಇಪ್ಪತ್ತೆರಡು ವರ್ಷದಾಗ ನನಗ ಬಂದ ಮೊದಲನೇ ಕೆಲಸರೀ ಇದು. ನಾನಾಗಿ ಬಿಟ್ರ ಬ್ಯಾರೆ ಮಾತು. ಒಂದು ತೂತಿನ ಸಲುವಾಗಿ ಬಿಡಂಗಿಲ್ಲ."

ಸೌಜನ್ಯ ತಲೆ ತಗ್ಗಿಸಿ ನಕ್ಕಳು. ವೀರೇಶ್ ತಾಯಿಯ ಕಡೆ ತಿರುಗಿದ. "ನೀನಾರ ಹೇಳು ಯವ್ವಾ."

"ನಾನು ಆ ಪೆಟ್ಟಿಗಿ ಸುದ್ದಿಗೆ ಬರಂಗಿಲ್ಲಪ್ಪ," ಎಂದಳು ಅಕ್ಕನಾಗಮ್ಮ ಬೇಗಬೇಗನೆ, ಮತ್ತು ಮಜ್ಜಿಗೆ ಬೇಡವೆಂದು ಎದ್ದುಬಿಟ್ಟಳು. ಮಜ್ಜಿಗೆ ಬೇಡವೆಂದು ಅವಳು ಎದ್ದದ್ದನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ.

ಸೋಮವಾರ ಬೆಳಿಗ್ಗೆ ತ್ರಿವೇಣಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಿನ ಹೊನ್ನೂರಸ್ವಾಮಿಯ ರಿಪೇರಿ ಅಂಗಡಿಗೆ ಹೋದಳು. ಅವನ ಮುಂದೆ ಬಾಯಿ ತೆರೆದ ನಾಲ್ಕು ಮೊಬೈಲುಗಳು, ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ-ಮಿರ್ಚಿ. ಎಡಗೈಯಲ್ಲೇ ಹೆಡ್‌ಫೋನು ಸಿಕ್ಕಿಸಿ ನೋಡಿದ.

"ಜ್ಯಾಕು ಹೋಗೈತ್ರಿ ಅಕ್ಕಾರ. ಅದು ಬೋರ್ಡಿಗೇ ಕೂಡಿರತೈತಿ. ಬೋರ್ಡು ಬದಲು ಮಾಡ್ಬೇಕು. ಮಾಲು ಹುಬ್ಬಳ್ಳಿಂದ ಬರ್ಬೇಕು, ಹದಿನೈದು ದಿನ."

"ಬಿಚ್ಚಿ ನೋಡಲಿಲ್ಲ ನೀವು."

"ದಿನಾ ಹತ್ತು ನೋಡ್ತೀನ್ರಿ. ಬಿಚ್ಚೋದು ಯಾಕ?"

ತ್ರಿವೇಣಿ ವೈರು ಸುತ್ತಿಕೊಂಡಳು. ಬಿಚ್ಚದೆ, ಬಗ್ಗಿ ನೋಡದೆ ಹೇಳಿದ ಮಾತನ್ನು ನಂಬಿಕೊಂಡು ಹದಿನೈದು ದಿನ ಕೂರಲು ಅವಳಲ್ಲಿ ಹದಿನೈದು ದಿನವೇ ಇರಲಿಲ್ಲ.

ಮನೆಗೆ ಬಂದು, ಕಾಲು ತೊಳೆದು, ಅಡುಗೆಮನೆಯಲ್ಲಿ ಕುಕ್ಕರು ಇಟ್ಟು, ಕಟ್ಟೆಯ ಮೇಲೆ ಲ್ಯಾಪ್‌ಟಾಪನ್ನೂ ಸೌಜನ್ಯಳ ಮೊಬೈಲನ್ನೂ ಅಕ್ಕಪಕ್ಕ ಇಟ್ಟಳು. ಅಂದು ಕಾಲೇಜಿಗೆ ರಜೆ. ಸೌಜನ್ಯ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ಹೆಡ್‌ಫೋನಿನ ಪಿನ್ನನ್ನು ಮೊಬೈಲಿಗೆ ಒತ್ತಿದಳು. ಟಕ್ ಎಂದು ಕತ್ತಿನವರೆಗೆ ಮುಳುಗಿತು. ಲ್ಯಾಪ್‌ಟಾಪಿಗೆ ಒತ್ತಿದಳು. ಟಕ್ ಅನ್ನಲಿಲ್ಲ, ಹೊರಗೆ ಒಂದು ಭತ್ತದ ಕಾಳಿನಷ್ಟು ಬೆಳ್ಳಿ ಹೊಳೆಯುತ್ತ ನಿಂತಿತು.

"ಸೌಜಿ, ಇದು ಪೂರಾ ಹೋಗಂಗಿಲ್ಲ ನೋಡು."

"ತೂತು ಸಣ್ಣದಿರ್ಬೇಕಮ್ಮ."

"ಹೋದ ವಾರದ ತನಕ ಹೋಗ್ತಿತ್ತಲ್ಲ."

ತ್ರಿವೇಣಿ ಲ್ಯಾಪ್‌ಟಾಪು ಆಫ್ ಮಾಡಿದಳು. ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತಳು. ಚಿಕ್ಕಂದಿನಲ್ಲಿ ಕಂಪ್ಲಿಯ ಮನೆಯಲ್ಲಿ ಸೀಮೆಎಣ್ಣೆ ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ಅವ್ವ ಕಡ್ಡಿ ಇಳಿಸಿ ನೋಡುತ್ತಿದ್ದಳು. ಹಾಗೆಯೇ ಇವಳೂ ಕಡ್ಡಿಯನ್ನು ಮೊಬೈಲಿನ ತೂತಿಗೆ ಮೆಲ್ಲಗೆ ಇಳಿಸಿ, ಅಂಚಿಗೆ ಸರಿಯಾಗಿ ಉಗುರಿನಿಂದ ಗುರುತು ಮಾಡಿದಳು. ಅದೇ ಕಡ್ಡಿಯನ್ನು ಲ್ಯಾಪ್‌ಟಾಪಿನ ತೂತಿಗೆ ಇಳಿಸಿದಳು. ಗುರುತು ಮುಳುಗಲಿಲ್ಲ. ಅಂಚಿನಿಂದ ಒಂದು ಭತ್ತದ ಕಾಳಿನಷ್ಟೇ ಮೇಲೆ ನಿಂತಿತು.

"ಒಳಗ ಏನೋ ಐತಿ," ಎಂದಳು. "ಟಾರ್ಚು ಹಿಡಿ."

ತಾಯಿ ಮಗಳಿಬ್ಬರ ತಲೆಗಳು ಆ ಪುಟ್ಟ ತೂತಿನ ಮೇಲೆ ಕೂಡಿದವು. ಕುಕ್ಕರು ಎರಡು ಸಲ ಕೂಗಿದ್ದು ಇಬ್ಬರಿಗೂ ಕೇಳಲಿಲ್ಲ. ತೂತಿನ ತಳದಲ್ಲಿ, ಹಿತ್ತಾಳೆ ಬಣ್ಣದ ನಡುವೆ, ಒಂದು ಗುಲಾಬಿ ಚುಕ್ಕೆ.

ಆ ಗುಲಾಬಿ ತ್ರಿವೇಣಿಗೆ ಎಲ್ಲೋ ಕಂಡದ್ದು. ಸೀರೆಯದಲ್ಲ, ಬಳೆಯದಲ್ಲ. ದಿನಾ ಕಾಣುವ ಬಣ್ಣ. ಅವಳು ತಲೆಯೆತ್ತಿ ನಡುಮನೆಯ ಜಗಲಿಯ ಕಡೆ ನೋಡಿದಳು. ಅಲ್ಲಿ ಊದಿನಕಡ್ಡಿಯ ಪೊಟ್ಟಣದ ಬಾಯಿಂದ ಹತ್ತಾರು ಗುಲಾಬಿ ಬಾಲಗಳು ಹೊರಗೆ ಚಾಚಿಕೊಂಡಿದ್ದವು.

ಜಗಲಿಯ ಕೆಳಗೆ ಅಕ್ಕನಾಗಮ್ಮ ಹತ್ತಿ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಸೊಸೆ ಬಂದು ಎದುರು ಕುಳಿತದ್ದೇ ಅವಳ ಕೈ ನಿಂತಿತು.

"ಅತ್ತಿ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗೋದು ನೀನು. ಕೇಳು."

"ಲ್ಯಾಪ್‌ಟಾಪಿಗೆ ಊದಿನಕಡ್ಡಿ ಚುಚ್ಚಿದ್ರೇನು?"

ಅಕ್ಕನಾಗಮ್ಮ ಬತ್ತಿಯನ್ನು ಮತ್ತೊಂದು ಸುತ್ತು ಹೊಸೆದಳು. "ಹ್ಞೂಂ."

"ಯಾವಾಗ?"

"ದಸರಿ ಮುಗಿದ ಸೋಮವಾರ. ನೀನು ನೀರಿಗೆ ಹೋಗಿದ್ದಿ. ಬಾಳಿಹಣ್ಣು ಇರಲಿಲ್ಲ. ಗೂಡಿನಾಗ ನೋಡಿದೆ, ನಿಂತೈತಿ, ಮ್ಯಾಲ ಚಂದನ ದುಂಡನ ತೂತು. ಲಾರಿಯಾಗ, ಪಂಪ್‌ಸೆಟ್ಟಿನ್ಯಾಗ ಚುಚ್ಚಂಗಿಲ್ಲೇನು? ಕಡ್ಡಿ ನಿಲ್ಲಾಕ ಮಾಡಿಟ್ಟಾರ ಅಂದ್ಕೊಂಡೆ."

ಸೌಜನ್ಯ ಬಾಗಿಲಲ್ಲಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಬೂದಿ ಬೀಳಬಾರದು ಅಂತ ಕೆಳಗ ಅಂಗೈ ಹಿಡ್ಕೊಂಡು ನಿಂತಿದ್ದೆ," ಎಂದಳು ಅಕ್ಕನಾಗಮ್ಮ. "ನಿನ್ನ ಕೊಡದ ಸಪ್ಪಳ ಕೇಳ್ತು. ಗಾಬರ್ಯಾಗಿ ಎಳದೆ. ಕೈಗೆ ಬಂದದ್ದು ಗಿಡ್ಡ ಅನ್ನಿಸ್ತು. ಉಳದದ್ದು ಎಲ್ಲೋ ಬಿತ್ತು ಅಂತ ಬಿಟ್ಟೆ. ಇವತ್ತ ಮುಂಜಾನಿನೂ ಚುಚ್ಚಾಕ ಹೋದೆ, ನಿಲ್ಲವಲ್ದು. ಪೆಟ್ಟಿಗಿ ನನ್ನ ಮ್ಯಾಲ ಸಿಟ್ಟಾಗೈತಿ ಅಂದ್ಕೊಂಡೆ."

"ಮುಟ್ಟಬ್ಯಾಡ ಅಂದಿದ್ನಲ್ರಿ ಅತ್ತಿ. ನನ್ನ ಕೆಲಸ ಅಂದ್ರ ನಿಮಗ ಆಗಿಬರಂಗಿಲ್ಲ, ಮತ್ತ ಯಾಕ—"

"ಆಗಿಬರಂಗಿಲ್ಲ ಅಂದವರು ಯಾರು?" ಮುದುಕಿಯ ದನಿ ಏರಿತು. "ಕೂಗಿದ್ರ ಕೇಳಂಗಿಲ್ಲ ಅಂದೆ, ಅಷ್ಟ. ಮಗನ ಸ್ಪ್ಯಾನರಿಗೆ ಇಪ್ಪತ್ತು ವರ್ಷದಿಂದ ಕಡ್ಡಿ ಬೆಳಗೀನಿ. ಸೊಸಿ ದುಡಿಯಾಕತ್ತಾಳ. ಆಕಿ ಪೆಟ್ಟಿಗಿಗೆ ಬೆಳಗಬಾರದೇನು? ನೀನು ಬೈತಿ ಅಂತ ಕದ್ದು ಬೆಳಗಿದೆ."

ತ್ರಿವೇಣಿಗೆ ಬೈಯಲು ಹದಿನೈದು ಮಾತು ಸಿದ್ಧವಾಗಿದ್ದವು. ಬೈಯುವ ಬದಲು ಅವಳು ಅತ್ತೆಯ ಅಂಗೈ ನೋಡಿದಳು; ಬೂದಿ ಬೀಳದಂತೆ ಅದು ಹೇಗೆ ಬೊಗಸೆಯಾಗಿ ನಿಂತಿರಬೇಕೆಂದು ಕಣ್ಣಿಗೆ ಕಟ್ಟಿತು.

"ಎರಡು ಗಂಟಿ ಆತೇನು? ಏನ್ ನಡದೈತಿ ಇಲ್ಲಿ?" ವೀರೇಶ್ ಎದ್ದು ಬಂದಿದ್ದ. ಸೌಜನ್ಯ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವನು ತಲೆ ಕೆರೆದುಕೊಂಡ, ತಾಯಿಯನ್ನು ನೋಡಿದ, ಲ್ಯಾಪ್‌ಟಾಪನ್ನು ನೋಡಿದ. "ಕೊಡು ಇಲ್ಲಿ. ಸ್ಕ್ರೂ ಬಿಚ್ಚಿ, ಹಿಂದಿಂದ ಒಂದು ಏಟು ಕೊಟ್ರ ಹೊರಗ ಬರ್ತೈತಿ."

"ಏಟು ಕೊಡಾಕ ಅದೇನು ನಿಮ್ಮ ಕನ್ವೇಯರ್ ಅಲ್ರಿ," ಎಂದಳು ತ್ರಿವೇಣಿ.

"ಫಿಟ್ಟರ್ ನಾನೋ ನೀನೋ?"

"ಇಬ್ಬರೂ ಸುಮ್ನ ಕುಂದ್ರಿ," ಎಂದಳು ಅಕ್ಕನಾಗಮ್ಮ. ಸೊಂಟದ ಚೀಲ ಬಿಚ್ಚಿ, ಒಂದೇ ಉಂಗುರಕ್ಕೆ ಪೋಣಿಸಿದ ಮೂರು ಸಾಮಾನು ತೆಗೆದಳು: ಒಂದು ಚಿಮಟ, ಒಂದು ಕಿವಿಕಡ್ಡಿ, ಒಂದು ಮುಳ್ಳು ತೆಗೆಯುವ ಸೂಜಿ. "ನನ್ನ ತವರು ಎಮ್ಮಿಗನೂರಾಗ ಕಬ್ಬು ಕಡಿಯಾಕ ಹೋದವರಿಗೆಲ್ಲ ಮುಳ್ಳು ತಗದವಳು ನಾನು. ಒಬ್ಬರ ಕಾಲಾಗೂ ಅರ್ಧ ಬಿಟ್ಟಿಲ್ಲ."

"ನಿನಗ ಕಣ್ಣು ಕಾಣಂಗಿಲ್ಲ ಯವ್ವಾ."

"ಮುಳ್ಳು ಕಣ್ಣಿಗೆ ಕಾಣತೈತೇನು? ಕೈಗೆ ತಿಳಿತೈತಿ."

ವೀರೇಶ್ ಹೆಂಡತಿಯ ಕಡೆ ನೋಡಿದ. ಲ್ಯಾಪ್‌ಟಾಪು ಅವಳದು, ಕೆಲಸ ಅವಳದು, ಉಳಿದ ಎಂಟು ದಿನ ಅವಳದು. ತ್ರಿವೇಣಿ ಲ್ಯಾಪ್‌ಟಾಪನ್ನು ಎತ್ತಿ, ತೂತು ಮೇಲೆ ಬರುವಂತೆ ತನ್ನ ಎರಡು ಮೊಣಕಾಲ ನಡುವೆ ಬಿಗಿಯಾಗಿ ನಿಲ್ಲಿಸಿಕೊಂಡಳು.

"ತಗೀರಿ ಅತ್ತಿ. ಅಂಚಿಗೆ ತಾಗಿಸಬ್ಯಾಡ್ರಿ. ನಟ್ಟನಡುವ ಐತಿ, ಸ್ವಲ್ಪ ನಿಮ್ಮ ಕಡಿ ವಾಲೇತಿ."

ಸೌಜನ್ಯ ಟಾರ್ಚು ಹಿಡಿದಳು. ತ್ರಿವೇಣಿ ಕಣ್ಣಾದಳು, ಅಕ್ಕನಾಗಮ್ಮ ಕೈಯಾದಳು. ಸೂಜಿ ಇಳಿಯಿತು. ಬಿದಿರಿಗೆ ಓರೆಯಾಗಿ ಚುಚ್ಚಿ, ಎಳೆಯದೆ, ಸುಮ್ಮನೆ ಒಂದು ಎಳ್ಳಿನಷ್ಟು ತಿರುಗಿಸಿದಳು. ನಿಲ್ಲಿಸಿದಳು. ಇನ್ನೊಂದು ಎಳ್ಳಿನಷ್ಟು. ಮುದುಕಿಯ ಕಣ್ಣು ಜಂತೆಯ ಕಡೆಗಿತ್ತು, ತುಟಿ ಏನೋ ಗುಣಗುತ್ತಿತ್ತು.

"ಏನ್ ಮಂತ್ರ ಅಜ್ಜಿ?"

"ಮಂತ್ರ ಅಲ್ಲ. ಅಳಬ್ಯಾಡ ಅಂತ ಹೇಳಾಕತ್ತೀನಿ. ರೂಢಿ."

ಬಿದಿರು ಅಲುಗಿತು. "ಎದ್ದೈತಿ," ಎಂದಳು ಅಕ್ಕನಾಗಮ್ಮ, ತ್ರಿವೇಣಿ ಹೇಳುವ ಮೊದಲೇ. "ಈಗ ಪೆಟ್ಟಿಗಿ ಬಾಯಿ ಕೆಳಗ ಮಾಡು." ತ್ರಿವೇಣಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮಗುಚಿ ಹಿಡಿದಳು. ಚಿಮಟದ ತುದಿ ತೂತಿನ ಬಾಯಲ್ಲಿ ಒಂದು ಗಳಿಗೆ ತಡಕಾಡಿತು, ಕಚ್ಚಿತು, ಬಂತು. ಮುದುಕಿಯ ಅಂಗೈಯಲ್ಲಿ ಭತ್ತದ ಕಾಳಿನಷ್ಟು ಒಂದು ಗುಲಾಬಿ ಚೂರು.

ತ್ರಿವೇಣಿ ಲ್ಯಾಪ್‌ಟಾಪು ಆನ್ ಮಾಡಿ, ಪಿನ್ನು ಒತ್ತಿದಳು. ಟಕ್.

ಹೆಡ್‌ಫೋನು ಏರಿಸಿ, ಎಂಟನೆಯ ರೆಕಾರ್ಡಿಂಗು ಹಚ್ಚಿದಳು. ಮೂವರೂ ಅವಳ ಮುಖವನ್ನೇ ನೋಡುತ್ತ ನಿಂತರು. ಮನೆಯಲ್ಲಿ ಎಲ್ಲೂ ಸದ್ದಿಲ್ಲ. ತ್ರಿವೇಣಿಯ ಕಣ್ಣು ಮಾತ್ರ ಅಗಲವಾಗುತ್ತ ಹೋಯಿತು.

"ಬಂತು," ಎಂದಳು ಅವಳು, ಮೂಲೆಮನೆಗೂ ಕೇಳುವಂತೆ.

"ಚೀರಬ್ಯಾಡ," ಎಂದಳು ಅಕ್ಕನಾಗಮ್ಮ. "ಅನ್ನ ಹೊತ್ತಿ ಹೋಗೈತಿ ನೋಡ್ರಿ ಯಾರಾರ."

ಆ ಎಂಟು ದಿನ ಆ ಮನೆ ಹೇಗೆ ನಡೆಯಿತೆಂದರೆ, ರೊಟ್ಟಿ ಅಕ್ಕನಾಗಮ್ಮ ಬಡಿದಳು, ಬಟ್ಟೆ ಸೌಜನ್ಯ ಹಿಂಡಿದಳು, ಪಾಳಿಯಿಂದ ಬಂದ ವೀರೇಶ್ ತನ್ನ ತಟ್ಟೆ ತಾನೇ ತೊಳೆದು, ಸದ್ದಾಗದಂತೆ ಮಗುಚಿಡಲು ಎರಡು ಸಲ ಸೋತು ಮೂರನೆಯ ಸಲ ಕಲಿತ. ಹಾಲು ಉಕ್ಕುವ ಹೊತ್ತಿಗೆ ಅಕ್ಕನಾಗಮ್ಮ ಕೂಗಲಿಲ್ಲ. ತಾನೇ ಎದ್ದು ಇಳಿಸಿದಳು. ಹನ್ನೆರಡನೆಯದು ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಮುಗಿಯಿತು. ದೀಪಾವಳಿ ಪಾಡ್ಯದ ದಿನ, ಹೋಳಿಗೆಯ ಹೂರಣ ಕೈಗಂಟಿದ್ದಾಗ ಫೋನು ಬಂತು.

"ಹನ್ನೆರಡೂ ಓದಿದೆ ಮೇಡಂ," ಎಂದರು ಗವಿಸಿದ್ದಪ್ಪ. "ಓದಿದಂಗಾಗಲಿಲ್ಲ, ಆ ಮುದುಕರ ಮುಂದ ಕುಂತಂಗಾತು. ವರ್ಷದ ಕೆಲಸ ನಿಮಗ. ಸೋಮವಾರದಿಂದ ಶುರು ಮಾಡ್ರಿ."

ತ್ರಿವೇಣಿ ಹೂರಣದ ಕೈಯಲ್ಲೇ ಫೋನು ಹಿಡಿದುಕೊಂಡು ಮನೆಯವರಿಗೆಲ್ಲ ಸುದ್ದಿ ಹೇಳಿದಳು. ಟ್ರಂಕಿನಿಂದ ತೆಗೆದ ಸರ್ಟಿಫಿಕೇಟನ್ನು ಸೌಜನ್ಯ ಆಗಲೇ ಗೋಡೆಗೆ ಹೊಡೆಯಲು ಮೊಳೆ ಹುಡುಕುತ್ತಿದ್ದಳು. ಹೊನ್ನೂರಸ್ವಾಮಿಗೆ ತೋರಿಸಲೆಂದು ಗುಲಾಬಿ ಚೂರನ್ನು ಪೊಟ್ಟಣ ಕಟ್ಟಿಟ್ಟಿದ್ದವಳೂ ಅವಳೇ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಅಜ್ಜಿನ್ನ ನಮ್ಮ ಅಂಗಡಿಗೆ ಕಳಸ್ರಿ," ಎಂದನಂತೆ.

ಸೋಮವಾರ ಬಂತು. ನೀರು ಹಿಡಿದು ತಂದ ತ್ರಿವೇಣಿ ಗೂಡಿನಿಂದ ಲ್ಯಾಪ್‌ಟಾಪು ತೆಗೆದು, ತಾನೇ ಜಗಲಿಯ ಮುಂದೆ ಇಟ್ಟಳು. ಪಕ್ಕದಲ್ಲೊಂದು ಬಾಳೆಹಣ್ಣು ಇಟ್ಟಳು.

"ಬೆಳಗ್ರಿ ಅತ್ತಿ. ಕಡ್ಡಿ ಹಣ್ಣಿಗೆ."

ಅಕ್ಕನಾಗಮ್ಮ ಕಡ್ಡಿ ಹಚ್ಚಿ ಮೂರು ಸುತ್ತು ಬೆಳಗಿದಳು, ಕೆಳಗೆ ಅಂಗೈ ಹಿಡಿದುಕೊಂಡೇ. ಆಮೇಲೆ ಅಲ್ಲೇ ಕುಳಿತು ಕೇಳಿದಳು, "ಅದರಾಗ ಏನ್ ಕೇಳತೈತವ್ವ ದಿನಾ?"

ತ್ರಿವೇಣಿ ಹೊಸ ರೆಕಾರ್ಡಿಂಗು ಹಚ್ಚಿ, ಹೆಡ್‌ಫೋನನ್ನು ಅತ್ತೆಯ ನರೆತ ತಲೆಗೆ ಏರಿಸಿದಳು. ಎಮ್ಮಿಗನೂರಿನ ಎರ್ರೆಮ್ಮ ಎಂಬಾಕೆ, ಎಪ್ಪತ್ತೆಂಟು ವರ್ಷ, ತನ್ನ ಅತ್ತೆ ಬೆಲ್ಲದ ಗಡಿಗೆಯನ್ನು ಸೊಸೆಯಿಂದ ಬಚ್ಚಿಟ್ಟು, ಇಟ್ಟ ಜಾಗ ಮರೆತು, ಕೊನೆಗೆ ಸೊಸೆಯನ್ನೇ ಹುಡುಕಿಕೊಡು ಎಂದು ಕೇಳಿದ ಕಥೆ ಹೇಳುತ್ತಿದ್ದಳು. ಅಕ್ಕನಾಗಮ್ಮನ ಮುಖ ಮೊದಲು ಗಂಭೀರವಾಯಿತು. ಆಮೇಲೆ ಹುಬ್ಬು ಏರಿತು. ಹೊಟ್ಟೆ ಕುಲುಕಿತು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯದು; ಅಕ್ಕನಾಗಮ್ಮ ಓಣಿಗೆಲ್ಲ ಕೇಳುವಂತೆ ನಕ್ಕಳು.

ಕೋಣೆಯ ಬಾಗಿಲು ತೆರೆಯಿತು. ಲುಂಗಿ ಬಿಗಿಯುತ್ತ ವೀರೇಶ್ ಬಂದು ನಿಂತ.

"ಈಗ ಯಾರು?"

ತ್ರಿವೇಣಿ ಬೆರಳಿನಿಂದ ತೋರಿಸಿದಳು.

"ಯವ್ವಾ," ಎಂದ ಅವನು. "ಯವ್ವಾ, ನಿದ್ದಿ ಮಾಡಾಕ ಬಿಡು."

ಅಕ್ಕನಾಗಮ್ಮನಿಗೆ ಕೇಳಲಿಲ್ಲ. ಮಗನ ಬಾಯಿ ಆಡುವುದು ಕಂಡು, ಸುಮ್ಮನಿರು ಎಂದು ಕೈಯಾಡಿಸಿ, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಇನ್ನಷ್ಟು ಒತ್ತಿಕೊಂಡಳು.